ನಾನು ಕಕ್ಷಿದಾರರನ್ನು ಕಳುಹಿಸುವ ವಕೀಲರ ಕಚೇರಿ

ಜಯನಗರದಲ್ಲಿ ತೆರಿಗೆ ಸಲಹೆಗಾರನಾಗಿರುವ ನಾನು, ನೌಕರಿ ಮತ್ತು ವ್ಯವಹಾರದ ತಕರಾರು ಹೊತ್ತು ಬಂದವರನ್ನು ನಾಲ್ಕು ವರ್ಷಗಳಿಂದ ಗಾಂಧಿನಗರದ ವಕೀಲರ ಕಚೇರಿಯೊಂದಕ್ಕೆ ಕಳುಹಿಸುತ್ತಿದ್ದೇನೆ. ನನ್ನ ಮಾತು ನಂಬಿ ಹೋಗುವವರ ಹೊಣೆ ನನ್ನ ಮೇಲೂ ಇದೆ.

ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತಿಗೆ ಹೆದರಿದ್ದ ಯುವತಿಯೊಬ್ಬರ ಜೊತೆ ಕಳೆದ ವರ್ಷ ನಾನೇ ಹೋಗಿದ್ದೆ. ಹಿರಿಯ ವಕೀಲರು ನೇಮಕಾತಿ ಪತ್ರವನ್ನು ಪೂರ್ತಿ ಓದಿ, ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಅಂಥ ನಿರ್ಬಂಧ ಸಾಮಾನ್ಯವಾಗಿ ಊರ್ಜಿತವಲ್ಲ, ಆದರೆ ಕಂಪನಿಯ ಗೋಪ್ಯ ಮಾಹಿತಿಯನ್ನು ಹೊರಗೆ ಒಯ್ಯುವಂತಿಲ್ಲ ಎಂದು ಕನ್ನಡದಲ್ಲಿಯೇ ಬಿಡಿಸಿ ಹೇಳಿದರು. ಮೊಕದ್ದಮೆ ಹೂಡಿಸುವ ಅವಸರ ಅವರಲ್ಲಿರಲಿಲ್ಲ. ಒಂದು ಉತ್ತರ ಪತ್ರದಲ್ಲೇ ವಿಷಯ ಮುಗಿಯಿತು.

ಪೀಣ್ಯದ ಬಿಡಿಭಾಗ ತಯಾರಕರೊಬ್ಬರ ಬಾಕಿ ವಸೂಲಿಯಲ್ಲಿ, ತುರ್ತು ಪರಿಹಾರ ಕೋರದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಂತೆ ಕಡ್ಡಾಯವೆಂದು ಮುಂಚೆಯೇ ತಿಳಿಸಿ, ಶುಲ್ಕವನ್ನು ಹಂತಹಂತವಾಗಿ ಬರೆದುಕೊಟ್ಟರು. ಕೊರತೆಯೆಂದರೆ, ವಾಯಿದೆಯ ದಿನ ಏನಾಯಿತೆಂದು ಕಿರಿಯ ವಕೀಲರು ತಾವಾಗಿ ತಿಳಿಸುವುದಿಲ್ಲ; ಈ ತಯಾರಕರು ಮೂರು ಸಲ ಫೋನ್ ಮಾಡಿ ಕೇಳಬೇಕಾಯಿತು. ಇದು ಸರಿಹೋಗಲೇಬೇಕು.

ವಕೀಲರಲ್ಲದವರೊಡನೆ ಶುಲ್ಕ ಹಂಚಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಇವರು ನನಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಹಿಂದೆ ಬೇರೊಂದು ಕಚೇರಿಯವರು ಪಾಲು ಕೊಡುತ್ತೇವೆಂದ ದಿನವೇ ಅಲ್ಲಿಗೆ ಜನರನ್ನು ಕಳುಹಿಸುವುದನ್ನು ನಿಲ್ಲಿಸಿದೆ.

ಹೋಗುವವರು ನೇಮಕಾತಿ ಪತ್ರ, ಸಂಬಳದ ಚೀಟಿ, ಇಮೇಲ್ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಬೇಕು. ಅವರು ಮೊದಲು ಕೇಳುವುದು ಅದನ್ನೇ.