ಗ್ರೀಸಿನ ದ್ವೀಪಕ್ಕೆ ಹೊರಟಿದ್ದೀರಾ? ನಿಮ್ಮ ಹಡಗು ಯಾವ ಬಂದರಿನದು ಅಂತ ಮೊದಲು ನೋಡಿ

ಆಗಸ್ಟ್‌ನಲ್ಲಿ ಗ್ರೀಸ್‌ಗೆ ಹೋಗೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ಹೋದ ವರ್ಷ ನಾವು ನಾಲ್ಕು ಜನ ಹೋಗಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ಒಂಬತ್ತು ವರ್ಷದ ಮಗಳು. ಷೆಂಗೆನ್ ವೀಸಾ, ಅದಕ್ಕೆ ಬೇಕಾದ 30,000 ಯೂರೋ ಇನ್ಶೂರೆನ್ಸ್, ಅತ್ತೆಯ ಬಿಪಿ ಮಾತ್ರೆ, ಚಟ್ನಿಪುಡಿ, ಎಲ್ಲ ಸರಿಯಾಗಿ ಜೋಡಿಸಿಕೊಂಡಿದ್ದೆವು. ಆಗಸ್ಟ್ 14ರ ಬೆಳಿಗ್ಗೆ ಅಥೆನ್ಸ್‌ನಲ್ಲಿ ಇಳಿದು, ಅವತ್ತೇ ಸಂಜೆ ಐದರ ಹಡಗಿನಲ್ಲಿ ನಾಕ್ಸೋಸ್ ದ್ವೀಪಕ್ಕೆ ಹೋಗುವುದು ಅಂತ ಪ್ಲಾನ್. ಬುಕಿಂಗ್ ಮಾಡಿದ್ದು ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್. ಅವರು ಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟೇ: ‘ಅಥೆನ್ಸ್ ಬಂದರಿನಿಂದ ನಾಕ್ಸೋಸ್’.

ಆದರೆ ಅಥೆನ್ಸ್‌ನಿಂದ ದ್ವೀಪಗಳಿಗೆ ಹೋಗಲು ಒಂದಲ್ಲ, ಮೂರು ಬಂದರುಗಳಿವೆ. ಎಲ್ಲರಿಗೂ ಗೊತ್ತಿರುವ ದೊಡ್ಡ ಬಂದರು ಪಿರೇಯಸ್. ಅದು ಊರಿನ ನೈರುತ್ಯಕ್ಕಿದೆ. ಪೂರ್ವದ ಕಡಲತೀರದಲ್ಲಿ ರಫೀನಾ. ಇನ್ನೂ ಕೆಳಗೆ, ದಕ್ಷಿಣದಲ್ಲಿ, ಲಾವ್ರಿಯೊ. ಮಿಕೊನೋಸ್, ನಾಕ್ಸೋಸ್ ಕಡೆಯ ಹಡಗುಗಳು ಪಿರೇಯಸ್‌ನಿಂದಲೂ ಹೊರಡುತ್ತವೆ, ರಫೀನಾದಿಂದಲೂ ಹೊರಡುತ್ತವೆ. ನಮ್ಮದು ರಫೀನಾದ್ದು. ಇ-ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾವು ಏಜೆಂಟ್ ಕೊಟ್ಟ ಹಾಳೆಯನ್ನೇ ನಂಬಿ ಆ ಟಿಕೆಟ್ ಬಿಚ್ಚಿ ನೋಡಿರಲಿಲ್ಲ.

ಹೊಟ್ಟೆ ಉರಿಯುವುದು ಏನಕ್ಕೆ ಗೊತ್ತಾ? ರಫೀನಾ ಇರುವುದು ಏರ್‌ಪೋರ್ಟ್ ಇರುವ ಕಡೆಗೇ. ಏರ್‌ಪೋರ್ಟ್ ಬಾಗಿಲಿನಿಂದಲೇ ಅಲ್ಲಿಗೆ ಬಸ್ ಇದೆ. ನಾವು ಮಾತ್ರ ಮೆಟ್ರೋ ಹತ್ತಿ, ಸುಮಾರು ಒಂದು ಗಂಟೆ ಕೂತು, ಊರು ದಾಟಿ ಪಿರೇಯಸ್‌ಗೆ ಹೋಗಿ ಇಳಿದೆವು.

ಪಿರೇಯಸ್‌ನಲ್ಲಿ ಗೇಟುಗಳಿಗೆ ಇ1, ಇ2 ಅಂತ ನಂಬರ್ ಇರುತ್ತದೆ. ಇ7ರ ಹತ್ತಿರ ನಾಕ್ಸೋಸ್ ಬೋರ್ಡ್ ಹಾಕಿದ ಒಂದು ಹಡಗು ನಿಂತಿತ್ತು. ಯಜಮಾನರು ಅಲ್ಲಿದ್ದ ಸಿಬ್ಬಂದಿಯೊಬ್ಬರಿಗೆ ಟಿಕೆಟ್ ತೋರಿಸಿ, ‘ಇದೇನಾ?’ ಅಂತ ಕೇಳಿದರು. ಆತ ಹುಬ್ಬೇರಿಸಿ, ಗದ್ದ ಮೇಲೆತ್ತಿ, ‘ಓಹಿ’ ಅಂದರು. ಸುತ್ತ ಅಷ್ಟು ಗಲಾಟೆ. ಇವರಿಗೆ ಕೇಳಿಸಿದ್ದು ‘ಓಕೆ’. ಗದ್ದ ಎತ್ತಿದ್ದೂ ‘ಹೂಂ, ಮುಂದೆ ಹೋಗಿ’ ಅನ್ನುವ ಹಾಗೇ ಇತ್ತು. ನಾವು ನೆಮ್ಮದಿಯಿಂದ ಸಾಲಿನಲ್ಲಿ ನಿಂತೆವು.

ಗ್ರೀಕ್‌ನಲ್ಲಿ ‘ಓಹಿ’ ಅಂದರೆ ಇಲ್ಲ. ಗದ್ದ ಮೇಲೆತ್ತಿದರೂ ಇಲ್ಲ ಅಂತಲೇ. ‘ನೇ’ ಅಂದರೆ ಹೌದು. ಹಿಂದಿಯ ‘ನಹೀಂ’ ಕೇಳಿ ಅಭ್ಯಾಸವಾದ ನಮ್ಮ ಕಿವಿಗೆ ಎರಡೂ ತಲೆಕೆಳಗು. ಈ ಎರಡು ಪದ ಮನೆಯಲ್ಲೇ ಕಲಿತು ಹೋಗಿದ್ದರೆ ನಮಗೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಹಡಗು ಸಿಗುತ್ತಿತ್ತು.

ನಾಲ್ಕೂಕಾಲು ಗಂಟೆಗೆ ಟಿಕೆಟ್ ಸ್ಕ್ಯಾನ್ ಮಾಡಿದ ಹುಡುಗಿ ‘ರಫೀನಾ! ರಫೀನಾ!’ ಅಂತ ಗಾಬರಿಯಿಂದ ಕೂಗಿದಾಗಲೇ ನಮಗೆ ಗೊತ್ತಾಗಿದ್ದು. ಟ್ಯಾಕ್ಸಿಗೆ 75 ಯೂರೋ ಕೊಟ್ಟೆವು. ಊರೇ ರಸ್ತೆಗೆ ಬಂದಿತ್ತು. ಅತ್ತೆ ದಾರಿ ಪೂರ್ತಿ ಕಣ್ಣು ಮುಚ್ಚಿ ರಾಯರ ಹೆಸರು ಹೇಳುತ್ತಿದ್ದರು. ರಫೀನಾದಲ್ಲಿ ಟ್ಯಾಕ್ಸಿ ಇಳಿಯುವಾಗ ನಮ್ಮ ಹಡಗಿನ ಹಿಂದಿನ ಬಾಗಿಲು ಆಗಲೇ ಅರ್ಧ ಮೇಲೆದ್ದಿತ್ತು. ಸರಪಳಿ ಕಿರ್ ಅನ್ನುವ ಸದ್ದು, ನೀರು ನೊರೆ ಎದ್ದಿದ್ದು, ಅಷ್ಟೇ. ಮಗಳು ಸೂಟ್‌ಕೇಸ್ ಬಿಟ್ಟು ಓಡಿದಳು. ಕಾವಲಿನವರು ಅವಳನ್ನು ತಡೆದರು.

ಸರಿ, ನಾಳೆ ಹೋದರಾಯ್ತು ಅಂದುಕೊಂಡೆವು. ಆಗ ಎರಡನೇ ಪೆಟ್ಟು. ಆಗಸ್ಟ್ 15 ಗ್ರೀಕರಿಗೆ ಮೇರಿ ಮಾತೆಯ ದೊಡ್ಡ ಹಬ್ಬ. ಅಥೆನ್ಸ್ ಜನ ಊರು ಖಾಲಿ ಮಾಡಿಕೊಂಡು ದ್ವೀಪಗಳಿಗೆ ಹೋಗುತ್ತಾರೆ. ರಫೀನಾದ ಹಡಗುಗಳ ದಾರಿಯಲ್ಲೇ ತೀನೋಸ್ ದ್ವೀಪ ಬರುತ್ತದೆ. ಅಲ್ಲಿ 1823ರಲ್ಲಿ ಸಿಕ್ಕ ಮಾತೆಯ ಚಿತ್ರಪಟಕ್ಕೆ ಹರಕೆ ಹೊತ್ತವರು ಬಂದರಿನಿಂದ ಗುಡಿಯವರೆಗೆ ಮಂಡಿಯೂರಿ ಏರುತ್ತಾರೆ. ಟಿಕೆಟ್ ಕೌಂಟರ್ ಮುಂದೆ ಕಪ್ಪು ಸೀರೆಯಷ್ಟೇ ಕಪ್ಪಾದ ಉಡುಪು ತೊಟ್ಟ ಅಜ್ಜಿಯಂದಿರ ಸಾಲು. ಒಬ್ಬರ ಕೈಯಲ್ಲಿ ಮೊಳದುದ್ದದ ಮೇಣದಬತ್ತಿ, ಕಾಗದ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದರು. ‘ಇದು ಇವರ ಜಾತ್ರೆ ಕಣಮ್ಮ, ಉರುಳುಸೇವೆ ಇದ್ದ ಹಾಗೆ. ಇವತ್ತು ನಮಗೆಲ್ಲಿ ಸೀಟು ಸಿಗುತ್ತೆ?’ ಅಂದರು ಅತ್ತೆ. ಅವರು ಹೇಳಿದ ಹಾಗೇ ಆಯಿತು. 15ಕ್ಕೆ ಒಂದು ಸೀಟೂ ಇರಲಿಲ್ಲ. 16ರ ಬೆಳಿಗ್ಗೆಗೆ ಸಿಕ್ಕಿತು.

ರಫೀನಾದಲ್ಲಿ ರೂಮೂ ಸಿಗಲಿಲ್ಲ. ಏರ್‌ಪೋರ್ಟ್ ಪಕ್ಕದ ಸ್ಪಾತಾ ಊರಿನಲ್ಲಿ ಎರಡು ರಾತ್ರಿ ಕಳೆದೆವು. ಹಳೇ ಹಡಗಿನ ದುಡ್ಡು ಹೋಯಿತು, ನಾಕ್ಸೋಸ್‌ನ ಎರಡು ರಾತ್ರಿಯ ಬಾಡಿಗೆಯೂ ಹೋಯಿತು. ಹಡಗನ್ನು ಅವರೇ ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮೆಲ್ತೇಮಿ ಅನ್ನುವ ಬಡಗಣ ಗಾಳಿ ಜೋರಾದಾಗ ಹಾಗೆ ರದ್ದಾಗುವುದುಂಟು. ನಾವಾಗಿ ತಪ್ಪಿಸಿಕೊಂಡಿದ್ದಕ್ಕೆ ಒಂದು ಪೈಸೆಯೂ ಬರಲಿಲ್ಲ.

ಆ ರಾತ್ರಿ ಮಗಳು ಮೊಬೈಲ್‌ನಲ್ಲಿ ಫೋಟೋ ನೋಡುತ್ತಿದ್ದಳು. ಏರ್‌ಪೋರ್ಟ್ ಹೊರಗೆ ಅವಳೇ ತೆಗೆದ ಒಂದು ಬಸ್ಸಿನ ಫೋಟೋ ಬಂತು. ‘ಇದರ ಮೇಲೆ ಪಿ, ಎ, ಆಮೇಲೆ ಗೀಟು ಎಳೆದ ಸೊನ್ನೆ, ಎಚ್, ಎನ್, ಎ ಅಂತ ಇದೆಯಲ್ಲಮ್ಮಾ, ಏನು?’ ಅಂತ ಕೇಳಿದಳು. ಯಜಮಾನರು ಹುಡುಕಿ ನೋಡಿದರು. ಪಿ ಥರ ಕಾಣುವುದು ‘ರ’. ಗೀಟಿನ ಸೊನ್ನೆ ‘ಫ’. ಎಚ್ ಥರದ್ದು ‘ಇ’. ರಫೀನಾ. ನಾವು ಹತ್ತಬೇಕಿದ್ದ ಬಸ್ಸಿನ ಮುಂದೆಯೇ ನಡೆದು ಮೆಟ್ರೋಗೆ ಹೋಗಿದ್ದೆವು.

ಅದಕ್ಕೇ ಹೇಳುತ್ತಿದ್ದೇನೆ, ಹೊರಡುವ ಮುಂಚೆ ಗ್ರೀಕ್ ಅಕ್ಷರ ಕಲಿಯಿರಿ. ಇರುವುದು 24. ನಾವು ಚಿಕ್ಕವರಿದ್ದಾಗ 49 ಕಲಿತವರು ಅಲ್ವಾ, ಎರಡು ಸಂಜೆ ಸಾಕು. ದ್ವೀಪದ ಹೆಸರನ್ನೂ ಗ್ರೀಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಸಾಂಟೊರಿನಿ ಅಂತ ನಾವು ಕರೆಯುವುದಕ್ಕೆ ಬೋರ್ಡಿನಲ್ಲಿ ಎಷ್ಟೋ ಕಡೆ ಥೀರಾ ಅಂತ ಇರುತ್ತದೆ. ಕೊರ್ಫು ಅಲ್ಲಿ ಕೆರ್ಕಿರಾ. ‘ಹೋರಾ’ ಅನ್ನುವ ಊರು ಒಂದಲ್ಲ, ಬಹಳಷ್ಟು ದ್ವೀಪಗಳಲ್ಲಿ ಮುಖ್ಯ ಊರಿಗೆ ಅದೇ ಹೆಸರು. ಟ್ಯಾಕ್ಸಿಯವರಿಗೆ ದ್ವೀಪದ ಹೆಸರೂ, ಹೋಟೆಲಿನ ಹೆಸರೂ ಸೇರಿಸಿ ತೋರಿಸಿ. ವಿಮಾನ ಇಳಿದ ದಿನವೇ ಹಡಗು ಇಟ್ಟುಕೊಳ್ಳಬೇಡಿ, ವಯಸ್ಸಾದವರು ಜೊತೆಗಿದ್ದರೆ ಬೇಡವೇ ಬೇಡ.

ಮತ್ತೆ ನಿಮ್ಮ ಏಜೆಂಟ್ ಕೊಟ್ಟ ಹಾಳೆಯಲ್ಲೂ ‘ಅಥೆನ್ಸ್ ಬಂದರು’ ಅಂತಷ್ಟೇ ಇದ್ದರೆ ಇವತ್ತೇ ಫೋನ್ ಮಾಡಿ. ಪಿರೇಯಸ್ಸಾ, ರಫೀನಾನಾ, ಲಾವ್ರಿಯೊನಾ ಅಂತ ಕೇಳಿ, ಬರೆಸಿಕೊಳ್ಳಿ.