ಹಳೇ ಸಾಮಾನಿಗೆ ಬೆಲೆ ಕಟ್ಟಿಕೊಡ್ತೀನಿ ಅಂತ ಮನೆಗೆ ಬರೋರ ಬಗ್ಗೆ ಹುಷಾರು

ಚಿತ್ರದುರ್ಗ, ಹೊಳಲ್ಕೆರೆ, ದಾವಣಗೆರೆ ಕಡೆಯೋರು ದಯವಿಟ್ಟು ಪೂರ್ತಿ ಓದಿ, ಅದ್ರಲ್ಲೂ ಮನೇಲಿ ಪಾಲು ಮಾಡ್ಕೊಳ್ತಾ ಇರೋರು. ಹಳೇ ಪಟ, ನಾಣ್ಯ, ವಿಗ್ರಹ ಎಲ್ಲಕ್ಕೂ ಆಂಟಿಕ್ ವ್ಯಾಲ್ಯುಯೇಷನ್ ಮಾಡಿಕೊಡ್ತೀನಿ ಅಂತ ಒಬ್ಬ ಮನುಷ್ಯ ಓಡಾಡ್ತಿದಾನೆ. ಕೈಲಿ ಭೂತಗನ್ನಡಿ, ಪುಟ್ಟ ಡಿಜಿಟಲ್ ತಕ್ಕಡಿ, ಮಾತು ಬಹಳ ಮರ್ಯಾದೆ.

ಅಜ್ಜ ತೀರಿಕೊಂಡ ಮೇಲೆ ಅಪ್ಪ, ಚಿಕ್ಕಪ್ಪ ಪಾಲಾಗೋದು ಅಂತ ಮಾತಾಯ್ತು. ಮನೆ, ಸೈಟು, ತೋಟಕ್ಕೆ ರೇಟು ಯಾರನ್ನ ಕೇಳಿದ್ರೂ ಹೇಳ್ತಾರೆ, ಆದ್ರೆ ಅಟ್ಟದ ಮೇಲಿನ ಡಬ್ಬಿ ತುಂಬ ಇದ್ದ ಬೆಳ್ಳಿ ರೂಪಾಯಿ, ದೇವರಮನೆಯ ಹಿತ್ತಾಳೆ ವೀರಭದ್ರ, ಪಡಸಾಲೆಲಿ ನೇತಾಕಿದ್ದ ದೊಡ್ಡ ಲಕ್ಷ್ಮಿ ಪಟ ಇವಕ್ಕೆ ಬೆಲೆ ಕಟ್ಟೋರು ಯಾರು? ಪರಿಚಯದೋರೊಬ್ರು ದಾವಣಗೆರೆಯಿಂದ ಇವನನ್ನ ಕಳಿಸಿದ್ರು. ಬ್ಯಾಂಕಲ್ಲಿ ಅಪ್ರೈಸರ್ ಆಗಿದ್ದೆ ಅಂದ, ಎಲ್ರೂ ನಂಬಿದ್ರು. ಬ್ಯಾಂಕ್ ಅಪ್ರೈಸರ್ ನೋಡೋದು ಚಿನ್ನದ ಶುದ್ಧ ಎಷ್ಟು, ತೂಕ ಎಷ್ಟು ಅಂತ, ಒರೆಗಲ್ಲಿಗೆ ಉಜ್ಜಿ ಲೋನಿಗೆ ಲೆಕ್ಕ ಹಾಕೋ ಕೆಲಸ ಅದು. ಪಟ ಯಾವ ಕಾಲದ್ದು, ನಾಣ್ಯ ಎಷ್ಟು ಅಪರೂಪ ಅನ್ನೋದು ಪೂರ್ತಿ ಬೇರೆ ವಿದ್ಯೆ.

ಫೀಸು ಏನಪ್ಪಾ ಅಂದ್ರೆ ಅವನು ಕಟ್ಟಿದ ಬೆಲೆಲಿ 5 ಪರ್ಸೆಂಟ್. ಬೆಲೆ ಎಷ್ಟು ಏರಿಸಿದ್ರೆ ಅವನ ಜೇಬಿಗೆ ಅಷ್ಟು! ಲಕ್ಷ್ಮಿ ಪಟಕ್ಕೆ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿ, ಇದು ರವಿವರ್ಮ ಕೈಯಾರೆ ಬರೆದ ಆಯಿಲ್ ಪೇಂಟಿಂಗು, 12 ಲಕ್ಷ ಅಂತ ಒಂದು ಬಿಳಿ ಹಾಳೆಲಿ ಬರೆದುಕೊಟ್ಟ. ಸೀಲಿಲ್ಲ, ಅಡ್ರೆಸ್ಸಿಲ್ಲ. 60 ಸಾವಿರ ಆಯ್ತು ಅಂದ. ಅಷ್ಟು ಕ್ಯಾಶ್ ಮನೇಲಿ ಎಲ್ಲಿರುತ್ತೆ? ಅದಕ್ಕವನು, ಪರವಾಗಿಲ್ಲ ಬಿಡಿ ಯಜಮಾನ್ರೇ, ಈ ಬೆಳ್ಳಿ ರೂಪಾಯಿನ ತೂಕದ ಲೆಕ್ಕದಲ್ಲಿ ಹಿಡ್ಕೊಂಡು ಹೋಗ್ತೀನಿ ಅಂತ ಡಬ್ಬಿ ಸಮೇತ ಒಯ್ದ.

ಪಟದ ಕಥೆ ಗೊತ್ತಾಗಿದ್ದು ಆಮೇಲೆ, ಹಳೇ ಪ್ರಿಂಟು ಸಂಗ್ರಹ ಮಾಡೋ ಒಬ್ರು ಬಂದು ನೋಡಿದಾಗ. ರವಿವರ್ಮ 1894ರಲ್ಲಿ ಮುಂಬೈಲಿ ಪಟ ಅಚ್ಚು ಹಾಕೋ ಪ್ರೆಸ್ ಶುರು ಮಾಡಿದ್ರು, ಆಮೇಲೆ ಆ ಪ್ರೆಸ್ ಲೋನಾವಳ ಹತ್ರದ ಮಳವ್ಲಿಗೆ ಹೋಯ್ತು, ಅಲ್ಲಿಂದ ಲಕ್ಷ್ಮಿ, ಸರಸ್ವತಿ ಪಟಗಳು ಊರೂರಿಗೆ ಹೋದವು, ನಮ್ಮದೂ ಅಂಥ ಪ್ರಿಂಟೇ. ಫ್ರೇಮ್ ಬಿಚ್ಚಿದ್ರೆ ಕೆಳಗಿನ ಅಂಚಲ್ಲಿ ಪ್ರೆಸ್ಸಿನ ಹೆಸರೇ ಅಚ್ಚಾಗಿತ್ತು. ಲೆನ್ಸಲ್ಲಿ ನೋಡಿದ್ರೆ ಬ್ರಷ್ಷಿನ ಗೀಟು ಕಾಣಲ್ಲ, ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕೋದು) ಸಣ್ಣ ಸಣ್ಣ ಚುಕ್ಕಿ ಕಾಣುತ್ತೆ, ಈಗಿನ ಕಾಲದ ಆಫ್‌ಸೆಟ್ ಮಿಷಿನ್ ನಕಲಾದ್ರೆ ಆ ಚುಕ್ಕಿ ಸಾಲಾಗಿ ಜೋಡಿಸಿದಂಗೆ ಇರುತ್ತೆ. ಹಳೇ ಪ್ರಿಂಟಿಗೂ ಬೆಲೆ ಐತೆ, ಆದ್ರೆ 12 ಲಕ್ಷ ಎಲ್ಲಿಂದ ಬರುತ್ತೆ? ಭೂತಗನ್ನಡಿ ಹಿಡಿದು ನೋಡಿದೋನಿಗೆ ಆ ಚುಕ್ಕಿ ಕಾಣದೇ ಇರೋಕೆ ಸಾಧ್ಯನೇ ಇಲ್ಲ.

ನನಗೆ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಆ ಹಾಳೆ ನಂಬ್ಕೊಂಡು ಚಿಕ್ಕಪ್ಪ ಪಟ ನನಗಿರಲಿ ಅಂತ ತಗೊಂಡು ಸೈಟಲ್ಲಿ ತನ್ನ ಭಾಗ ಬಿಟ್ಟುಕೊಡೋಕೆ ಒಪ್ಪಿದ್ರು. ಅಣ್ಣತಮ್ಮ ಮುಖ ನೋಡದಂಗೆ ಆಗೋ ಕೆಲಸ ಇದು.

ಇನ್ನು ನಾಣ್ಯ. ಹೊಳಪು ಬರ್ಲಿ ಅಂತ ಎಲ್ಲಾನೂ ಯಾವುದೋ ನೀರಲ್ಲಿ ಅದ್ದಿ ಉಜ್ಜಿದ, ಸಂಗ್ರಹ ಮಾಡೋರು ಹಂಗೆ ಉಜ್ಜಿದ ನಾಣ್ಯಕ್ಕೆ ಬೆಲೆ ಕಮ್ಮಿ ಮಾಡ್ತಾರೆ, ಹಳೇ ಕಪ್ಪು ಹಂಗೇ ಇರ್ಬೇಕು. ಮನೇಲಿ ಹುಣಸೆಹಣ್ಣು ಹಚ್ಚಿ ತಿಕ್ಕೋರೂ ಇದನ್ನ ಗಮನಿಸಿ. ವಿಕ್ಟೋರಿಯಾ ರೂಪಾಯಿ 11.66 ಗ್ರಾಂ, ಅದ್ರಲ್ಲಿ ಬೆಳ್ಳಿ ಸುಮಾರು 91.7 ಪರ್ಸೆಂಟ್, ತೂಕ ಅಷ್ಟೇ ನೋಡಿದ್ರೆ 1840ರದ್ದೂ 1862ರದ್ದೂ 1911ರದ್ದೂ ಎಲ್ಲಾ ಒಂದೇ. ಆದ್ರೆ 1911ರ ಐದನೇ ಜಾರ್ಜ್ ರೂಪಾಯಿಲಿ ರಾಜನ ಸರದ ಮೇಲಿನ ಆನೆ ಹಂದಿ ತರ ಕಾಣುತ್ತೆ ಅಂತ ಗಲಾಟೆಯಾಗಿ 1912ರಲ್ಲಿ ಡಿಸೈನೇ ಬದಲಾಯಿಸಿದ್ರು, ಅಚ್ಚಾಗಿದ್ರಲ್ಲಿ ಬಹುಪಾಲು ಕರಗಿಸಿಬಿಟ್ರು, ಅದಕ್ಕೇ ಅದನ್ನ ಹುಡುಕಿಕೊಂಡು ಬರೋರು ಇದಾರೆ. ಅಜ್ಜ ನಮಗೆ ಚಿಕ್ಕೋರಿದ್ದಾಗ ಆ ಆನೆ ತೋರಿಸಿ ತೋರಿಸಿ ನಗ್ತಿದ್ರು. ಅದೂ ಆ ಡಬ್ಬಿಲೇ ಹೋಯ್ತು.

ವೀರಭದ್ರ ಮಾತ್ರ ಉಳಿದಿದ್ದು ಅಜ್ಜಿಯಿಂದ. ಇದು 100 ವರ್ಷ ದಾಟಿದೆ, ಮನೇಲಿಟ್ಟುಕೊಂಡ್ರೆ ಕೇಸಾಗುತ್ತೆ, ನನಗೆ ಕೊಡಿ, ಫಾರಿನ್ ಪಾರ್ಟಿ ಐತೆ ಅಂತ ಹೆದರಿಸಿದ. ದೇವ್ರನ್ನ ಹೊಸಿಲು ದಾಟಿಸಲ್ಲ ಹೋಗಪ್ಪಾ ಅಂದ್ರು ಅಜ್ಜಿ. ಕಾನೂನು ಹಂಗೆ ಹೇಳೋದೇ ಇಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಲೋಹದ, ಕಲ್ಲಿನ, ಮರದ ಮೂರ್ತಿ ಮನೇಲಿಟ್ಟುಕೊಳ್ಳಬಹುದು, ನೋಂದಣಿ ಅಧಿಕಾರಿ ಹತ್ರ ರಿಜಿಸ್ಟರ್ ಮಾಡಿಸ್ಬೇಕು ಅಷ್ಟೇ. ವ್ಯಾಪಾರ ಮಾಡೋನಿಗೆ ಲೈಸೆನ್ಸ್ ಬೇಕು, ಖಾಸಗಿಯೋರು ಹೊರದೇಶಕ್ಕೆ ಕಳಿಸಿದ್ರೆ 6 ತಿಂಗಳಿಂದ 3 ವರ್ಷ ಜೈಲು. ರವಿವರ್ಮನ ಕೃತಿಗಳನ್ನೂ 1979ರಲ್ಲೇ ಹೊರದೇಶಕ್ಕೆ ಹೋಗದಂಗೆ ಕಲಾನಿಧಿ ಅಂತ ಘೋಷಿಸಿದಾರೆ. ಅಂದ್ರೆ ಫಾರಿನ್ ಪಾರ್ಟಿ ಅಂದೋನೇ ಕಳ್ಳದಾರಿ ಹೇಳ್ತಿದಾನೆ ಅಂತ ಅರ್ಥ.

ಬೆಲೆ ಕಟ್ಟಿಸಲೇಬೇಕು ಅಂದ್ರೆ ನೋಂದಾಯಿತ ವ್ಯಾಲ್ಯುಯರ್ ಹುಡುಕಿ, ಅವರಲ್ಲೂ ಒಡವೆಗೆ ಬೇರೆ, ಕಲಾಕೃತಿಗೆ ಬೇರೆ ವರ್ಗ ಐತೆ, ನಿಮಗೆ ಬೇಕಾದ ವರ್ಗದೋರು ಹೌದಾ ಕೇಳಿ. ಫೀಸು ಮೊದಲೇ ಇಂತಿಷ್ಟು ಅಂತ ಮಾತಾಡಿ. ಬೆಲೆ ಕಟ್ಟೋನೇ ಕೊಂಡ್ಕೊಳ್ತೀನಿ ಅಂದ್ರೆ ಅಲ್ಲಿಗೇ ನಿಲ್ಲಿಸಿ. ರಿಪೋರ್ಟಲ್ಲಿ ವಸ್ತುವಿನ ಫೋಟೋ, ಅಳತೆ, ತೂಕ, ಯಾವ ಆಧಾರದ ಮೇಲೆ ಈ ಬೆಲೆ, ಪಾಲಿಗೋ ಇನ್ಶೂರೆನ್ಸಿಗೋ ಮಾರೋಕೋ ಎಲ್ಲಾ ಇರ್ಬೇಕು, ಯಾಕಂದ್ರೆ ಇನ್ಶೂರೆನ್ಸಿಗೆ ಬರೆಯೋ ಬೆಲೆ ಮಾರೋವಾಗ ಸಿಗಲ್ಲ.

ನಮ್ಮ ಪಾಲುಪತ್ರ ಇನ್ನೂ ರಿಜಿಸ್ಟರ್ ಆಗಿರ್ಲಿಲ್ಲ, ಅಪ್ಪನೇ ಮುಂದೆ ನಿಂತು ಅದನ್ನ ಹರಿದುಹಾಕಿಸಿ ಬೇರೆ ಬರೆಸಿದ್ರು, ಚಿಕ್ಕಪ್ಪಂಗೆ ಸೈಟು ವಾಪಸ್ ಬಂತು. ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಟ್ಟಿದೀವಿ, ಅವನ ಫೋನು ಸ್ವಿಚ್ ಆಫ್, ನಾಣ್ಯ ಸಿಕ್ಕಿಲ್ಲ. ಉಜ್ಜಿ ಬೆಳ್ಳಗೆ ಮಾಡಿದ 1911ರ ರೂಪಾಯಿ ಯಾರಾದ್ರೂ ಮಾರೋಕೆ ಬಂದ್ರೆ ದಯವಿಟ್ಟು ಅವರು ಎಲ್ಲಿ ತಗೊಂಡ್ರು ಅಂತ ಒಂದು ಮಾತು ಕೇಳಿ ನಮಗೆ ತಿಳಿಸಿ.