ಭಾನುವಾರದ ತರ್ಕ ಕ್ಲಾಸು: ಆರು ವಾರ ಹೋಗಿ ಬಂದ ಮೇಲೆ

ಮೈಸೂರು ಕುವೆಂಪುನಗರದ ಕಡೆ ಒಂದು ಟ್ಯೂಷನ್ ಸೆಂಟರ್ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ 10ರಿಂದ 12ರ ತನಕ ತರ್ಕದ ಕ್ಲಾಸ್ ನಡೆಯುತ್ತೆ. ಆರು ವಾರ, 1200 ರೂಪಾಯಿ, ಪಾಠ ಮಾಡೋರು ಪಿಯು ಕಾಲೇಜಲ್ಲಿ ಲಾಜಿಕ್ ಹೇಳ್ಕೊಟ್ಟು ರಿಟೈರ್ ಆಗಿರೋ ಮೇಷ್ಟ್ರು. ನಮ್ಮಲ್ಲಿ ಪಿಯುಸಿ ಆರ್ಟ್ಸ್‌ನಲ್ಲಿ ತರ್ಕಶಾಸ್ತ್ರ ಅಂತ ಒಂದು ಸಬ್ಜೆಕ್ಟೇ ಇದೆ, ನಾನು ಓದಿದ್ದು ಕಾಮರ್ಸ್, ಹಾಗಾಗಿ ಅದರ ಗಾಳಿ ಸೋಕಿರ್ಲಿಲ್ಲ. ಹೋದ ತಿಂಗಳು ಕೋರ್ಸ್ ಮುಗೀತು, ನನಗೆ ಸಿಕ್ಕಿದ್ದು ಇನ್ನೊಬ್ಬರಿಗೂ ಸಿಗಲಿ ಅಂತ ಬರೀತಿದೀನಿ.

ನಾನು ಸೇರಿದ್ದಕ್ಕೆ ಒಂದು ಕಾರಣ ಇದೆ. ಹೋದ ವರ್ಷ ಒಂದು ನಾಮಕರಣದ ಊಟದಲ್ಲಿ ಚಿಕ್ಕಪ್ಪ ಪಂಕ್ತಿಲಿ ಎಲ್ಲರ ಎದುರಿಗೆ "ಏನಮ್ಮಾ, ತಮ್ಮನ ದುಡ್ಡಲ್ಲಿ ಇನ್ನೆಷ್ಟು ಬಾಕಿ ಇಟ್ಕೊಂಡಿದೀಯ?" ಅಂದ್ರು. ಮನೆ ಕಟ್ಟುವಾಗ ನನಗೆ ದುಡ್ಡು ಕೊಟ್ಟಿದ್ದು ಅಪ್ಪ, ತಮ್ಮಂದು ಒಂದು ರೂಪಾಯಿನೂ ಅದರಲ್ಲಿ ಇಲ್ಲ. ಗಾಬರಿಲಿ "ಏನೂ ಬಾಕಿ ಇಲ್ಲ ಚಿಕ್ಕಪ್ಪ" ಅಂದುಬಿಟ್ಟೆ, ಅವರು ತಕ್ಷಣ "ಓ ತೀರಿಸಿಬಿಟ್ಯಾ, ಯಾವಾಗ?" ಅಂದ್ರು. ಅಲ್ಲಿಗೆ ನಾನು ಸಾಲ ತಗೊಂಡಿದ್ದೆ ಅಂತ ಐವತ್ತು ಜನರ ಮುಂದೆ ನಾನೇ ಒಪ್ಪಿಕೊಂಡ ಹಾಗಾಯ್ತು, ಆ ರಾತ್ರಿ ನಿದ್ದೆ ಬರ್ಲಿಲ್ಲ, ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ.

ಮೊದಲನೇ ಕ್ಲಾಸಲ್ಲೇ ಮೇಷ್ಟ್ರು ಬೋರ್ಡ್ ಮೇಲೆ "ಹೆಂಡತಿಗೆ ಹೊಡೆಯೋದು ನಿಲ್ಲಿಸಿದ್ಯಾ?" ಅಂತ ಬರೆದು, ಹೌದು ಇಲ್ಲ ಎರಡೇ ಉತ್ತರ ಅಂದ್ರು. ಹೌದು ಅಂದ್ರೆ ಮೊದಲು ಹೊಡೀತಿದ್ದೆ ಅಂತಾಯ್ತು, ಇಲ್ಲ ಅಂದ್ರೆ ಈಗ್ಲೂ ಹೊಡೀತಿದೀನಿ ಅಂತಾಯ್ತು. ಎರಡು ಪ್ರಶ್ನೆನ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿರ್ತಾರೆ, ಮೊದಲನೇ ಪ್ರಶ್ನೆ "ಹೊಡೀತಿದ್ಯಾ?" ಅನ್ನೋದು, ಅದನ್ನ ಯಾರೂ ಕೇಳೇ ಇಲ್ಲ, ಆದ್ರೆ ಉತ್ತರ ಮಾತ್ರ ವಸೂಲಿ ಆಗಿರುತ್ತೆ. ಹಲವು ಪ್ರಶ್ನೆನ ಒಂದು ಮಾಡಿ ಕೇಳೋ ಈ ಮೋಸನ ಅರಿಸ್ಟಾಟಲ್ ಆಗಲೇ ತರ್ಕದೋಷಗಳ ಪಟ್ಟಿಗೆ ಸೇರಿಸಿದ್ದನಂತೆ. ಗ್ರೀಸಲ್ಲೇ ಮೆನೆಡೆಮಸ್ ಅನ್ನೋ ತತ್ವಜ್ಞಾನಿಗೆ ಒಬ್ಬ "ಅಪ್ಪನಿಗೆ ಹೊಡೆಯೋದು ಬಿಟ್ಯಾ?" ಅಂತ ಕೇಳಿದ್ದಕ್ಕೆ ಅವನು "ಹೊಡೀತಾನೂ ಇರ್ಲಿಲ್ಲ, ಬಿಟ್ಟೂ ಇಲ್ಲ" ಅಂದ, ಹೌದು ಅಥವಾ ಇಲ್ಲ ಅಂತ ಹೇಳು ಅಂದಾಗ, ನಿನ್ನನ್ನ ಹೊಸ್ತಿಲಲ್ಲೇ ತಡೆಯೋಕಾಗುವಾಗ ನಿನ್ನ ಕಟ್ಟಳೆಗೆ ನಾನ್ಯಾಕೆ ಬಗ್ಗಲಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟನಂತೆ. ಮೇಷ್ಟ್ರು ಆಮೇಲೆ "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ, ಕರು ಗಂಡೋ ಹೆಣ್ಣೋ ಅಂತ ಯಾರಾದ್ರೂ ಕೇಳಿದ್ರೆ ಮೊದಲು ಎತ್ತು ಈಯುತ್ತಾ ಅಂತ ಕೇಳ್ರಪ್ಪ" ಅಂದ್ರು. ನನ್ನ ತಲೇಲಿ ನಾಮಕರಣದ ಪಂಕ್ತಿ ಪೂರ್ತಿ ಓಡ್ತು.

ಎರಡನೇ ವಾರ ಬರೀ ಪದಗಳು. ಆಧಾರವಾಕ್ಯ, ತೀರ್ಮಾನ, ನಿಗಮನ (ಸಾಮಾನ್ಯ ಮಾತಿಂದ ಬಿಡಿ ಸಂಗತಿಗೆ ಬರೋದು), ಅನುಗಮನ (ಬಿಡಿ ಸಂಗತಿಗಳಿಂದ ಸಾಮಾನ್ಯ ಮಾತಿಗೆ ಹೋಗೋದು). ಇದರಲ್ಲಿ ನನಗೆ ಹಿಡಿಸಿದ್ದು ಸಿಂಧು (ಅಂದ್ರೆ ವಾದದ ಕಟ್ಟು ಸರಿ ಇರೋದು) ಅನ್ನೋದೇ ಬೇರೆ ಸತ್ಯ ಅನ್ನೋದೇ ಬೇರೆ ಅನ್ನೋ ಮಾತು. ಎಲ್ಲಾ ಹಕ್ಕಿಗಳೂ ಹಾಲು ಕೊಡ್ತವೆ, ಕಾಗೆ ಒಂದು ಹಕ್ಕಿ, ಆದ್ದರಿಂದ ಕಾಗೆ ಹಾಲು ಕೊಡುತ್ತೆ. ಈ ವಾದದ ಕಟ್ಟು ಸರಿಯಾಗೇ ಇದೆ, ಕೊಳೆತಿರೋದು ಒಳಗಡೆ ಹಾಕಿರೋ ಮರ. ಟಿವಿಲಿ ಚರ್ಚೆ ನೋಡುವಾಗ ಈಗ ನಾನು ಕಟ್ಟು ಬೇರೆ ಮರ ಬೇರೆ ನೋಡ್ತೀನಿ.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮೂರನೇ ವಾರ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ಇದೆಯಲ್ಲ, ಅದನ್ನ ಎಳೆಎಳೆಯಾಗಿ ಬಿಡಿಸಿದ್ರು. ಕಾಯಿನ ಹೆಗಲ ಮೇಲೆ ಹೊತ್ತು ತಂದಿದಾನೆ, ಬೂದಿ ಅಂಟಿರಬಹುದು ಅಂತ ಕಳ್ಳ ಹೆಗಲು ಮುಟ್ತಾನೆ ಅಂತಾನೇ ಇಟ್ಕೊಳ್ಳಿ. ಹೆಗಲು ಮುಟ್ಟಿದವರೆಲ್ಲ ಕಳ್ಳರಾ? ಮುಂದಿನ ಬೆಂಚಲ್ಲಿದ್ದ ಒಬ್ಬ ಹುಡುಗ ಅಷ್ಟೊತ್ತಿಗೆ ಹೆಗಲು ಕೆರ್ಕೊಂಡ, ಮೇಷ್ಟ್ರು ಅವನನ್ನೇ ತೋರಿಸಿ "ಸೊಳ್ಳೆ ಕಚ್ಚಿದ್ರೂ ಮುಟ್ತಾರೆ" ಅಂದ್ರು. ಅಲ್ಲಿಂದ ನ್ಯಾಯದರ್ಶನಕ್ಕೆ, ಅಂದ್ರೆ ನಮ್ಮ ದೇಶದ ಹಳೇ ತರ್ಕಶಾಸ್ತ್ರಕ್ಕೆ ಹೋದ್ರು. ಬೆಟ್ಟದಲ್ಲಿ ಹೊಗೆ ಕಾಣುತ್ತೆ ಆದ್ದರಿಂದ ಬೆಂಕಿ ಇದೆ ಅನ್ನೋದು ಸರಿ, ಬೆಂಕಿ ಇದೆ ಆದ್ದರಿಂದ ಹೊಗೆ ಇದೆ ಅನ್ನೋದು ಸರಿಯಲ್ಲ, ಯಾಕಂದ್ರೆ ಕೆಂಪಗೆ ಕಾದ ಕಬ್ಬಿಣದ ಗುಂಡಲ್ಲಿ ಬೆಂಕಿ ಇದೆ ಹೊಗೆ ಇಲ್ಲ, ಹೊಗೆ ಬರೋಕೆ ಹಸಿ ಸೌದೆ ಬೇಕು. ಹಸಿ ಸೌದೆ ಅನ್ನೋ ಆ ಷರತ್ತಿಗೆ ಉಪಾಧಿ ಅಂತ ಹೆಸರು. ಆಫೀಸಲ್ಲಿ ಕ್ಯಾಶ್ ಕಮ್ಮಿ ಬಂದಾಗ ಯಾರು ಮುಖ ಸಪ್ಪೆ ಮಾಡ್ಕೊಂಡ್ರು ಅಂತ ನೋಡೋ ನಾವೆಲ್ಲ ಎಷ್ಟು ಜನರನ್ನ ಮನಸ್ಸಲ್ಲೇ ಕಳ್ಳರು ಮಾಡಿದೀವೋ ಅನ್ನಿಸಿ ನಿಜವಾಗ್ಲೂ ಬೇಜಾರಾಯ್ತು.

ಅದೇ ದಿನ ನಾಲ್ಕು ಕಾರ್ಡ್ ಇಟ್ರು, ಪ್ರತಿಯೊಂದರಲ್ಲೂ ಒಂದು ಕಡೆ ಅಕ್ಷರ ಇನ್ನೊಂದು ಕಡೆ ಸಂಖ್ಯೆ, ಮೇಲೆ ಕಾಣ್ತಿದ್ದದ್ದು: ಅ, ಕ, 4, 7. ಒಂದು ಕಡೆ ಸ್ವರ ಇದ್ರೆ ಹಿಂದುಗಡೆ ಸಮಸಂಖ್ಯೆ ಇರಬೇಕು, ನಿಯಮ ಮುರಿದಿದ್ಯಾ ನೋಡೋಕೆ ಯಾವ ಕಾರ್ಡ್ ತಿರುಗಿಸ್ತೀರಾ? ಹದಿನಾರು ಜನರಲ್ಲಿ ಹದಿನಾಲ್ಕು ಜನ ಅ ಮತ್ತು 4 ಅಂದ್ವಿ, ಸರಿ ಉತ್ತರ ಅ ಮತ್ತು 7. 4ರ ಹಿಂದೆ ಕ ಇದ್ರೂ ನಿಯಮ ಮುರಿಯಲ್ಲ, 7ರ ಹಿಂದೆ ಅ ಇದ್ರೆ ಮುರಿಯುತ್ತೆ. ಇದು ಪೀಟರ್ ವೇಸನ್ ಅನ್ನೋ ಮನಶ್ಶಾಸ್ತ್ರಜ್ಞ 1966ರಲ್ಲಿ ಕೊಟ್ಟ ಒಗಟು. ಆಮೇಲೆ ಅದನ್ನೇ ಬದಲಾಯಿಸಿ, ಗೇರ್ ಬೈಕ್ ಓಡಿಸೋಕೆ 18 ಆಗಿರಬೇಕು, ಒಬ್ಬ ಓಡಿಸ್ತಿದಾನೆ, ಒಬ್ಬ ನಡ್ಕೊಂಡು ಹೋಗ್ತಿದಾನೆ, ಒಬ್ಬನಿಗೆ 25, ಒಬ್ಬನಿಗೆ 15, ಯಾರನ್ನ ಚೆಕ್ ಮಾಡ್ತೀರಾ ಅಂದ್ರು, ಎಲ್ಲರೂ ಒಟ್ಟಿಗೆ ಓಡಿಸ್ತಿರೋನು ಮತ್ತೆ 15ರವನು ಅಂದ್ವಿ! ಲೆಕ್ಕ ಅದೇ, ಊರಿನ ಮಾತಾದ ತಕ್ಷಣ ಕಣ್ಣಿಗೆ ಕಾಣುತ್ತೆ.

ನಾಲ್ಕನೇ ವಾರ ವಾದ, ಜಲ್ಪ, ವಿತಂಡ. ನಿಜ ಹುಡುಕೋಕೆ ಮಾತಾಡೋದು ವಾದ, ಗೆಲ್ಲೋಕೆ ಮಾತಾಡೋದು ಜಲ್ಪ, ತನ್ನದು ಅಂತ ಏನೂ ಸ್ಥಾಪಿಸದೆ ಎದುರಿನವರದ್ದನ್ನ ಬರೀ ಕೆಡವೋದು ವಿತಂಡ. ನಾವು ಹಠ ಮಾಡೋರಿಗೆಲ್ಲ ವಿತಂಡವಾದ ಅಂತೀವಿ, ಮೂಲ ಅರ್ಥ ಇಷ್ಟು ಬಿಗಿ ಅಂತ ಗೊತ್ತಿರ್ಲಿಲ್ಲ. ಛಲ ಅನ್ನೋದೂ ಹಾಗೇ, ಕನ್ನಡದಲ್ಲಿ ಅದು ಪಟ್ಟು ಹಿಡಿಯೋದು, ನ್ಯಾಯದಲ್ಲಿ ಮಾತಿನ ಅರ್ಥ ತಿರುಚೋದು. ನವಕಂಬಳಿ ಅಂದ್ರೆ ಹೊಸ ಕಂಬಳಿ ಅಂತ ಗೊತ್ತಿದ್ರೂ "ಒಂಬತ್ತು ಎಲ್ಲಿದೆ, ಒಂದೇ ಇದೆಯಲ್ಲ" ಅನ್ನೋದು ಹಳೇ ಉದಾಹರಣೆ.

ಕೊನೆ ಎರಡು ವಾರ ಸಂಕೇತಗಳ ತರ್ಕ, ಅದು ಓಟ. ಟ್ರೂತ್ ಟೇಬಲ್ (ಯಾವಾಗ ನಿಜ ಯಾವಾಗ ಸುಳ್ಳು ಅಂತ ತೋರಿಸೋ ಪಟ್ಟಿ) ನನಗೆ ಅರ್ಧ ಮಾತ್ರ ಅರ್ಥ ಆಯ್ತು, ಇದಕ್ಕೆ ಇನ್ನೆರಡು ವಾರ ಬೇಕಿತ್ತು. ಜೆರಾಕ್ಸ್ ನೋಟ್ಸ್ ಮಾಸಿ ಹೋಗಿತ್ತು, ಫ್ಯಾನ್ ಸದ್ದಿಗೆ ಹಿಂದಿನ ಬೆಂಚಿಗೆ ಮೇಷ್ಟ್ರ ಮಾತು ಕೇಳ್ಸಲ್ಲ, ಹೇಳಿದ್ರೂ ಸೆಂಟರ್‌ನೋರು ಸರಿ ಮಾಡ್ಲಿಲ್ಲ. 1200 ತಗೊಂಡ ಮೇಲೆ ಓದೋಕಾಗೋ ಹಾಳೆ ಕೊಡಬೇಕು. ಆದ್ರೂ ಮೊದಲ ನಾಲ್ಕು ವಾರಕ್ಕೇ ಕೊಟ್ಟ ದುಡ್ಡು ಬಂತು ಅಂತೀನಿ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ಮತ್ತೆ ಅದೇ ಮಾತು ತೆಗೆದ್ರು. "ಬಾಕಿ ಆಮೇಲೆ ನೋಡೋಣ ಚಿಕ್ಕಪ್ಪ, ನಾನು ತಮ್ಮನ ಹತ್ರ ಇಸ್ಕೊಂಡೆ ಅಂತ ನಿಮಗೆ ಹೇಳಿದ್ಯಾರು?" ಅಂದೆ, ದನಿ ಏರಿಸ್ಲಿಲ್ಲ. "ಎಲ್ಲರೂ ಅಂತಾರಪ್ಪ" ಅಂದ್ರು. "ಅಪ್ಪನ ಪಾಸ್‌ಬುಕ್ ಒಳಗಿದೆ, ತರ್ಲಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬೇಡ ಬಿಡಮ್ಮ, ಅಣ್ಣ ಕೊಟ್ಟಿದ್ದಾ ಅದು, ನಂಗೆ ಗೊತ್ತಿರ್ಲಿಲ್ಲ" ಅಂದ್ರು, ಅಮ್ಮ ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದ್ರು.

ಮುಂದಿನ ಬ್ಯಾಚ್ ದಸರಾ ಆದ್ಮೇಲೆ ಅಂತೆ. ಹೋಗೋರು ಒಂಬತ್ತೂವರೆಗೇ ಹೋಗಿ ಮುಂದಿನ ಎರಡು ಬೆಂಚಲ್ಲಿ ಜಾಗ ಹಿಡೀರಿ.